ಗೇರ್‌ಬಾಕ್ಸ್ ಕೈಕೊಟ್ಟಿದೆ, ಬೇರೆ ಮಾಡೆಲ್‌ನದು ಕೂರುತ್ತದೆಯೇ?

ಈ ಸಂಚಿಕೆಗೆ ಕೋಲಾರ ಜಿಲ್ಲೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗೇರ್‌ಬಾಕ್ಸ್ ಬಗ್ಗೆಯೇ ಇವೆ. ಹಳೆಯ ಗಾಡಿಗೆ ಹೊಸ ಗೇರ್‌ಬಾಕ್ಸ್ ಸಿಗುವುದಿಲ್ಲ, ಸಿಕ್ಕರೂ ಗಾಡಿಯ ಬೆಲೆಗೆ ಹತ್ತಿರ ಬರುತ್ತದೆ. ಹಾಗಾಗಿ ಗುಜರಿಯಿಂದ ಬೇರೆ ಮಾಡೆಲ್‌ನದನ್ನು ತಂದು ಕೂರಿಸುವ ಯೋಚನೆ ಸಹಜ. ಬೋಲ್ಟ್ ತೂತು ಸರಿಹೋದ ಕೂಡಲೇ ‘ಕೂತಿತು’ ಎನ್ನುವವರು ಬಹಳ ಮಂದಿ. ಆದರೆ ಬೋಲ್ಟ್ ಕೂರುವುದು ಕೆಲಸದ ಕಾಲುಭಾಗ ಮಾತ್ರ.

ಪ್ರಶ್ನೆ: ನಮ್ಮದು 1998ರ ಮಾರುತಿ 800, ಕಾರ್ಬ್ಯುರೇಟರ್ ಎಂಜಿನ್, 4 ಗೇರ್. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸ್ಲಿಪ್ ಆಗಿ ನ್ಯೂಟ್ರಲ್‌ಗೆ ಬರುತ್ತದೆ. ಎರಡಕ್ಕೆ ಇಳಿಸುವಾಗ ಕರಕರ ಶಬ್ದ. ರಿಪೇರಿ ಬೇಡ, ಆಲ್ಟೊದ 5 ಗೇರಿನ ಬಾಕ್ಸ್ ತಂದು ಹಾಕೋಣ ಎನ್ನುತ್ತಾರೆ ಮೆಕ್ಯಾನಿಕ್. ಸರಿಯೇ? (ಓದುಗರು, ಶ್ರೀನಿವಾಸಪುರ)

ಉತ್ತರ: ಇಳಿಸುವ ಮುಂಚೆ ಎರಡು ವಿಷಯ ನೋಡಿ. ಗೇರ್‌ಬಾಕ್ಸ್ ಮತ್ತು ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ವಾಲುತ್ತದೆ, ವಾಲುವಾಗ ಗೇರ್ ರಾಡನ್ನು ಎಳೆದುಕೊಂಡು ಗೇರು ಬಿಡಿಸುತ್ತದೆ. ರಾಡಿನ ಬುಷ್ ಸವೆದಿದ್ದರೂ ಗೇರು ಪೂರ್ತಿ ಬೀಳದೆ ಇದೇ ತೊಂದರೆ. ಇವೆರಡೂ ಸರಿಯಿದ್ದರೆ ಮಾತ್ರ ದೋಷ ಒಳಗಿದೆ. ಮೂರು ಮತ್ತು ನಾಲ್ಕನೇ ಗೇರಿಗೆ ಒಂದೇ ಫೋರ್ಕ್ (ಗೇರು ತಳ್ಳುವ ಕವಲು), ಒಂದೇ ಸ್ಲೀವ್ (ಗೇರನ್ನು ಶಾಫ್ಟ್‌ಗೆ ಹಿಡಿಸುವ ಜಾರುವ ಬಳೆ). ಎರಡೂ ಬಿಟ್ಟುಕೊಳ್ಳುತ್ತಿದ್ದರೆ ಫೋರ್ಕ್ ಸವೆದಿದೆ ಅಥವಾ ಲಾಕ್ ಗುಂಡಿನ ಸ್ಪ್ರಿಂಗ್ ಸೋತಿದೆ. ಮೂರನೆಯದು ಮಾತ್ರ ಬಿಡುತ್ತಿದ್ದರೆ ಆ ಗೇರಿನ ಪಕ್ಕದ ಸಣ್ಣ ಹಲ್ಲುಗಳ ಅಂಚು ದುಂಡಗಾಗಿದೆ. ಎರಡನೇ ಗೇರಿನ ಕರಕರಕ್ಕೆ ಸಿಂಕ್ರೊ ರಿಂಗ್ (ಗೇರು ಬೀಳುವ ಮುನ್ನ ವೇಗ ಸಮ ಮಾಡುವ ಬಳೆ) ಕಾರಣ. ರಿಂಗನ್ನು ಗೇರಿನ ಕೋನ್ ಮೇಲೆ ಒತ್ತಿ ಹಿಡಿದು ನಡುವಿನ ಸಂದಿಯನ್ನು ಫೀಲರ್ ಗೇಜ್‌ನಿಂದ ಅಳೆದಾಗ 0.5 ಮಿ.ಮೀ.ಗಿಂತ ಕಡಿಮೆ ಬಂದರೆ ರಿಂಗ್ ಮುಗಿದಿದೆ ಎಂದರ್ಥ. ಹಲ್ಲು, ಶಾಫ್ಟ್, ಕೇಸು ಚೆನ್ನಾಗಿದ್ದು ರಿಂಗ್, ಬೇರಿಂಗ್, ಫೋರ್ಕ್ ಮಾತ್ರ ಹೋಗಿದ್ದರೆ ನಿಮ್ಮ ಬಾಕ್ಸನ್ನೇ ರಿಪೇರಿ ಮಾಡಿಸುವುದು ಮೇಲು. ಯಾವ ಗಾಡಿಯಿಂದ ಬಂತೋ ಗೊತ್ತಿಲ್ಲದ ಬಾಕ್ಸ್‌ಗಿಂತ ಬಿಚ್ಚಿ ನೋಡಿದ ಬಾಕ್ಸ್ ನಂಬಿಕೆಗೆ ಅರ್ಹ.

ಕೇಸು ಒಡೆದಿದ್ದರೆ ಅಥವಾ ಶಾಫ್ಟ್‌ನ ಹಲ್ಲು ಮುರಿದಿದ್ದರೆ ಬೇರೆ ಬಾಕ್ಸ್ ಅನಿವಾರ್ಯ. 800ರಲ್ಲೇ 2000ದ ಸುಮಾರಿಗೆ 5 ಗೇರಿನ ಮಾಡೆಲ್ ಬಂದಿತ್ತು, ಮೊದಲು ಅದನ್ನು ಹುಡುಕಿ. ಸಿಗದಿದ್ದರೆ 796 ಸಿಸಿಯ ಹಳೆಯ ಆಲ್ಟೊದ್ದು. ಓಮ್ನಿಯ ಗೇರ್‌ಬಾಕ್ಸ್ ಅಗ್ಗಕ್ಕೆ ಸಿಗುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಎಂಜಿನ್ 796 ಸಿಸಿಯದೇ ಆದರೂ ಓಮ್ನಿಯಲ್ಲಿ ಅದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ನಿಮ್ಮ ಗಾಡಿಯಲ್ಲಿ ಡಿಫರೆನ್ಷಿಯಲ್ (ಎರಡು ಬದಿಯ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಗೇರ್‌ಬಾಕ್ಸ್‌ನ ಹೊಟ್ಟೆಯಲ್ಲೇ ಇದೆ, ಓಮ್ನಿಯಲ್ಲಿ ಅದು ಹಿಂದಿನ ಆಕ್ಸಲ್‌ನಲ್ಲಿದೆ.

ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋಗುವ ಮುನ್ನ ಹಳೆಯ ಬಾಕ್ಸನ್ನು ಇಳಿಸಿ ಒರೆಸಿ. ಒಂದು ದಪ್ಪ ರಟ್ಟನ್ನು ಬೆಲ್ ಹೌಸಿಂಗ್ (ಬಾಕ್ಸ್ ಎಂಜಿನ್‌ಗೆ ಕೂರುವ ಗಂಟೆಯಾಕಾರದ ಭಾಗ) ಮುಖಕ್ಕೆ ಒತ್ತಿ, ಅಂಚು ಮತ್ತು ತೂತುಗಳ ಗುರುತು ಮೂಡಿಸಿ ಕತ್ತರಿಸಿಕೊಳ್ಳಿ. ಡೋವೆಲ್ ಪಿನ್‌ನ (ಜೋಡಣೆಯನ್ನು ನೇರಕ್ಕೆ ತರುವ ಗೂಟದ) ಎರಡು ತೂತುಗಳಿಗೆ ಬೇರೆ ಬಣ್ಣದಲ್ಲಿ ಗುರುತು ಹಾಕಿ. ರಟ್ಟಿನ ಜೊತೆಗೆ ನಿಮ್ಮ ಕ್ಲಚ್ ಪ್ಲೇಟ್, ಒಂದು ಡ್ರೈವ್ ಶಾಫ್ಟ್ ಮತ್ತು ವರ್ನಿಯರ್ ಕ್ಯಾಲಿಪರ್ ಒಯ್ಯಿರಿ. ಅಂಗಡಿಯಲ್ಲೇ ಇಷ್ಟು ನೋಡಿ:

ರಟ್ಟು ಕೂರಬೇಕು, ಡೋವೆಲ್ ತೂತು ಸೇರಿ. ಕ್ಲಚ್ ಪ್ಲೇಟ್ ಇನ್‌ಪುಟ್ ಶಾಫ್ಟ್ ಮೇಲೆ ಕೈಯಿಂದಲೇ ಸರಾಗ ಜಾರಬೇಕು, ಆದರೆ ತಿರುಗಿಸಿದರೆ ಆಟ ಇರಬಾರದು. ಜಾರದಿದ್ದರೆ ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದುದ್ದ ಹಲ್ಲು) ಎಣಿಸಿಕೊಳ್ಳಿ. ಆ ಸ್ಪ್ಲೈನ್‌ಗೆ ಹೊಂದುವ, ಹೊರ ವ್ಯಾಸದಲ್ಲಿ ನಿಮ್ಮ ಪ್ರೆಶರ್ ಪ್ಲೇಟ್‌ಗೂ ಸರಿಹೋಗುವ ಪ್ಲೇಟ್ ಸಿಗುವುದು ಖಾತ್ರಿಯಾದ ಮೇಲೆಯೇ ದುಡ್ಡು ಕೊಡಿ. ಡ್ರೈವ್ ಶಾಫ್ಟ್‌ನ ಒಳತುದಿ ಡಿಫರೆನ್ಷಿಯಲ್‌ಗೆ ಹೋಗಿ ಸರ್ಕ್ಲಿಪ್ ‘ಟಕ್’ ಎಂದು ಕೂರಬೇಕು. ಇನ್‌ಪುಟ್ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿ, ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಬೇರಿಂಗ್ ಹೋಗಿದೆ. ಡ್ರೇನ್ ಬೋಲ್ಟ್ ಬಿಚ್ಚಿಸಿ. ಬೋಲ್ಟಿನ ಆಯಸ್ಕಾಂತಕ್ಕೆ ಬೂದು ಬಣ್ಣದ ಮೆತ್ತನೆ ಪುಡಿ ಅಂಟಿದ್ದರೆ ಚಿಂತೆಯಿಲ್ಲ. ಚೂರು, ಸೂಜಿಯಂಥ ತುಣುಕು ಅಂಟಿದ್ದರೆ ಅಥವಾ ಎಣ್ಣೆಯಲ್ಲಿ ಹಿತ್ತಾಳೆ ಹೊಳಪು ತುಂಬಾ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಎಣ್ಣೆ ಹಾಲಿನಂತೆ ಬಿಳಿಚಿಕೊಂಡಿದ್ದರೆ ನೀರು ಹೊಕ್ಕ ಬಾಕ್ಸ್ ಅದು, ಹೊರಗೆ ಎಷ್ಟೇ ತೊಳೆದಿರಲಿ.

ಹಲ್ಲಿನ ಅನುಪಾತವನ್ನೂ ಅಲ್ಲೇ ತಿಳಿಯಬಹುದು. ಬಾಕ್ಸನ್ನು ಗೇರಿಗೆ ಹಾಕಿ, ಒಂದು ಬದಿಯ ಔಟ್‌ಪುಟ್ ಅಲ್ಲಾಡದಂತೆ ಹಿಡಿಸಿ, ಇನ್ನೊಂದು ಬದಿ ಸರಿಯಾಗಿ ಒಂದು ಸುತ್ತು ಬರುವವರೆಗೆ ಇನ್‌ಪುಟ್ ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಎಣಿಸಿ. ಬಂದ ಸಂಖ್ಯೆಯ ಎರಡರಷ್ಟೇ ಆ ಗೇರಿನ ಒಟ್ಟು ಅನುಪಾತ. ಒಂದು ಬದಿ ನಿಂತರೆ ಡಿಫರೆನ್ಷಿಯಲ್ ಇನ್ನೊಂದು ಬದಿಯನ್ನು ದುಪ್ಪಟ್ಟು ತಿರುಗಿಸುತ್ತದೆ, ಅದಕ್ಕೇ ಈ ಎರಡರ ಲೆಕ್ಕ. ನಿಮ್ಮ ಹಳೆಯ ಬಾಕ್ಸ್‌ನ ನಾಲ್ಕನೇ ಗೇರನ್ನೂ ಹೊಸದರ ನಾಲ್ಕು, ಐದನ್ನೂ ಹೀಗೆ ಹೋಲಿಸಿ. ಐದನೆಯದು ತೀರಾ ಉದ್ದವಾಗಿದ್ದರೆ, ಅಂದರೆ ಅನುಪಾತದ ಸಂಖ್ಯೆ ತೀರಾ ಚಿಕ್ಕದಾಗಿದ್ದರೆ, ಮುಳಬಾಗಿಲು ಕಡೆಯ ಹೆದ್ದಾರಿಯಲ್ಲಿ ನಾಲ್ಕು ಜನ ಕೂತಾಗ ಐದನೇ ಗೇರು ಹೆಸರಿಗೆ ಮಾತ್ರ ಇರುತ್ತದೆ.

ಗೇರ್ ಲಿವರ್, ರಾಡ್, ರಿವರ್ಸ್ ಲೈಟ್ ಸ್ವಿಚ್, ಸ್ಪೀಡೋಮೀಟರ್ ಗೇರ್, ಕ್ಲಚ್ ಫೋರ್ಕ್, ಮೌಂಟಿಂಗ್ ಬ್ರ್ಯಾಕೆಟ್ ಎಲ್ಲವನ್ನೂ ಅದೇ ಗಾಡಿಯಿಂದ ಬಾಕ್ಸ್ ಜೊತೆಗೇ ಕೇಳಿ ತನ್ನಿ. 4 ಗೇರಿನ ಲಿವರ್ 5 ಗೇರಿಗೆ ಬರುವುದಿಲ್ಲ. ಆಮೇಲೆ ಒಂದೊಂದೇ ಹುಡುಕಲು ಹೋದರೆ ಬಾಕ್ಸಿಗಿಂತ ಅವಕ್ಕೇ ಹೆಚ್ಚು ಓಡಾಟ. ಬ್ರ್ಯಾಕೆಟ್ ಹೊಂದದಿದ್ದರೆ ಉಕ್ಕಿನ ಬ್ರ್ಯಾಕೆಟ್ ಮಾಡಿಸಿ. ಅಲ್ಯೂಮಿನಿಯಂ ಕೇಸಿಗೆ ವೆಲ್ಡಿಂಗ್ ಹೊಡೆಸಬೇಡಿ, ಶಾಖಕ್ಕೆ ಬೇರಿಂಗ್ ಕೂರುವ ಗುಂಡಿ ವಕ್ರವಾಗುತ್ತದೆ.

ಇನ್ನು ಕೂರಿಸುವ ಕೆಲಸ. ಬಾಕ್ಸ್ ಇಳಿದಿರುವಾಗಲೇ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್, ಡ್ರೈವ್ ಶಾಫ್ಟ್‌ನ ಎರಡು ಸೀಲ್, ರಿಲೀಸ್ ಬೇರಿಂಗ್ ಹೊಸದು ಹಾಕಿಬಿಡಿ. ಇವು ಸಣ್ಣ ಸಾಮಾನು, ಆದರೆ ಇವುಗಳಿಗಾಗಿ ಇನ್ನೊಮ್ಮೆ ಬಾಕ್ಸ್ ಇಳಿಸುವ ಕೂಲಿ ಸಣ್ಣದಲ್ಲ. ಫ್ಲೈವೀಲ್‌ನ ರಿಂಗ್ ಗೇರ್ ನಿಮ್ಮದೇ ಇರುವುದರಿಂದ ಸ್ಟಾರ್ಟರ್ ಮೋಟಾರನ್ನೂ ನಿಮ್ಮದನ್ನೇ ಇಟ್ಟು, ಅದು ಹೊಸ ಬೆಲ್ ಹೌಸಿಂಗ್‌ನ ಬಾಯಿಗೆ ಕೂರುತ್ತದೆಯೇ ಎಂದು ಮೊದಲೇ ನೋಡಿ.

ನಂತರ ಬಹುತೇಕರು ಬಿಡುವ ಅಳತೆಯೊಂದಿದೆ. ಇನ್‌ಪುಟ್ ಶಾಫ್ಟ್‌ನ ತುದಿ ಕ್ರ್ಯಾಂಕ್‌ಗೆ ತಗುಲಬಾರದು. ಕ್ರ್ಯಾಂಕ್‌ನ ಗುಂಡಿಯೊಳಗೆ ಮಕ್ಕಳ ಆಟದ ಜೇಡಿಯ ಉಂಡೆ ಅಂಟಿಸಿ, ಕ್ಲಚ್ ಪ್ಲೇಟ್ ಇಲ್ಲದೆ ಬಾಕ್ಸನ್ನು ಒಮ್ಮೆ ಪೂರ್ತಿ ಕೂರಿಸಿ ತೆಗೆಯಿರಿ. ಚಪ್ಪಟೆಯಾದ ಜೇಡಿ ಕನಿಷ್ಠ 2 ಮಿ.ಮೀ. ದಪ್ಪ ಉಳಿದಿರಬೇಕು. ಶಾಫ್ಟ್ ಕ್ರ್ಯಾಂಕನ್ನು ಒತ್ತುತ್ತಿದ್ದರೆ ಎಂಜಿನ್‌ನ ಥ್ರಸ್ಟ್ ಬೇರಿಂಗ್ ಸವೆಯುತ್ತದೆ. ಗೇರ್‌ಬಾಕ್ಸ್ ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡಂತೆ.

ಕ್ಲಚ್ ಪ್ಲೇಟನ್ನು ಅಲೈನ್‌ಮೆಂಟ್ ಟೂಲ್ ಅಥವಾ ಹಳೆಯ ಇನ್‌ಪುಟ್ ಶಾಫ್ಟ್‌ನಿಂದ ಮಧ್ಯಕ್ಕೆ ತಂದು, ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿಯಿರಿ. ಸ್ಪ್ಲೈನ್‌ಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು, ಹೆಚ್ಚಾದರೆ ಹಾರಿ ಲೈನಿಂಗ್ ಮೇಲೆ ಬಿದ್ದು ಕ್ಲಚ್ ಜಾರುತ್ತದೆ. ಬಾಕ್ಸ್ ಏರಿಸುವಾಗ ಜ್ಯಾಕ್ ಆಸರೆ ಬಿಡಬೇಡಿ. ಇನ್‌ಪುಟ್ ಶಾಫ್ಟ್ ಮೇಲೆ ಬಾಕ್ಸ್ ಜೋತುಬಿದ್ದರೆ ಕ್ಲಚ್ ಪ್ಲೇಟ್‌ನ ನಡುಭಾಗ ಬಾಗಿ, ಆಮೇಲೆ ಕ್ಲಚ್ ಪೂರ್ತಿ ಒತ್ತಿದರೂ ಗೇರು ಬೀಳುವುದಿಲ್ಲ. ಬೆಲ್ ಹೌಸಿಂಗ್ ಎಂಜಿನ್‌ಗೆ ಕೈಯಿಂದ ತಳ್ಳಿದಾಗಲೇ ಪೂರ್ತಿ ಕೂರಬೇಕು. ಹತ್ತು ಮಿ.ಮೀ. ಸಂದಿ ಉಳಿದಿದೆಯೆಂದು ಬೋಲ್ಟ್ ಬಿಗಿದು ಎಳೆದರೆ ಕಿವಿ ಮುರಿಯುವುದು ನಿಶ್ಚಿತ. ಎರಡೂ ಡೋವೆಲ್ ಪಿನ್ ಇರಲೇಬೇಕು. ಬೋಲ್ಟ್ ಬಾಕ್ಸನ್ನು ಹಿಡಿದಿಡುತ್ತದೆ ಅಷ್ಟೇ, ನಡುಗೆರೆ ಸರಿಯಿಡುವುದು ಡೋವೆಲ್. ಅದಿಲ್ಲದೆ ಕೂರಿಸಿದ ಬಾಕ್ಸ್ ಕೆಲವೇ ತಿಂಗಳಲ್ಲಿ ಇನ್‌ಪುಟ್ ಬೇರಿಂಗ್ ತಿಂದು, ಮತ್ತೆ ಗೇರು ಸ್ಲಿಪ್ ಆಗತೊಡಗುತ್ತದೆ. ಆಗ ‘ಗುಜರಿ ಮಾಲು ಸರಿಯಿಲ್ಲ’ ಎಂಬ ಮಾತು ಬರುತ್ತದೆ. 10 ಮಿ.ಮೀ. ಬೋಲ್ಟ್‌ಗೆ 45ರಿಂದ 50 ನ್ಯೂಟನ್ ಮೀಟರ್ ಸಾಕು.

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಲೆವೆಲ್ ತೂತಿನಿಂದ ಎಣ್ಣೆ ಹೊರಬರುವವರೆಗೆ ತುಂಬಿ. ಸ್ಟೀರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ಓಡಿಸಿ ನೋಡಿ, ಚಕ್ರ ಪೂರ್ತಿ ಜೋತುಬಿಟ್ಟಾಗ ಡ್ರೈವ್ ಶಾಫ್ಟ್ ಕಳಚಿಕೊಳ್ಳದೆಂದೂ ಖಚಿತಪಡಿಸಿಕೊಳ್ಳಿ. ಎರಡು ಮೂರು ಕಿ.ಮೀ. ಓಡಿದ ಮೇಲೆ ಸೀಲ್‌ಗಳ ಸುತ್ತ ಒರೆಸಿ ನೋಡಿ, ಎಣ್ಣೆ ಮಟ್ಟ ಮತ್ತೊಮ್ಮೆ ನೋಡಿ.

ಪ್ರಶ್ನೆ: ಮೇಲಿನ ರೀತಿಯದೇ ಬದಲಾವಣೆ ಮಾಡಿಸಿದ್ದೇವೆ. ಈಗ ಮೀಟರ್ 60 ತೋರಿಸುವಾಗ ಫೋನಿನ ಜಿಪಿಎಸ್ 53 ತೋರಿಸುತ್ತದೆ. ಯಾವುದು ನಿಜ? (ಓದುಗರು, ಕೋಲಾರ ನಗರ)

ಉತ್ತರ: ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಜಿಪಿಎಸ್ ಹೇಳುವುದು ನಿಜ. ಇದರಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಟೈರಿನದು. ಆಲ್ಟೊದ ಟೈರು 145/80 ಆರ್ 12, 800ರದು 145/70 ಆರ್ 12. ವ್ಯಾಸ 537 ಮಿ.ಮೀ. ಎದುರಿಗೆ 508 ಮಿ.ಮೀ. ಆಲ್ಟೊದ ಮೀಟರ್ ಗೇರನ್ನು ಹಾಗೇ ಬಿಟ್ಟರೆ ಇದೊಂದರಿಂದಲೇ ಶೇ 5.7ರಷ್ಟು ಹೆಚ್ಚು ತೋರಿಸುತ್ತದೆ. ಉಳಿದದ್ದು ಮೀಟರಿನದೇ ವ್ಯತ್ಯಾಸ.

60ನ್ನು 53ರಿಂದ ಭಾಗಿಸಿದರೆ 1.13. ಕೇಬಲ್ ತುದಿಯ ಪ್ಲಾಸ್ಟಿಕ್ ಗೇರಿನ ಹಲ್ಲು ಅಷ್ಟು ಪಟ್ಟು ಹೆಚ್ಚಿರಬೇಕು. ಈಗ 16 ಹಲ್ಲಿದ್ದರೆ 18ರದು ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಹಲ್ಲು ಹೆಚ್ಚಿದಂತೆ ಕೇಬಲ್ ನಿಧಾನ ತಿರುಗುತ್ತದೆ. ಸರಿಪಡಿಸುವವರೆಗೆ ಒಂದು ಮಾತು ನೆನಪಿರಲಿ: ಮೀಟರಿನಲ್ಲಿ 10,000 ಕಿ.ಮೀ. ಆದಾಗ ಗಾಡಿ ಓಡಿರುವುದು ಸುಮಾರು 8,830. ಮೈಲೇಜ್ ಏಕಾಏಕಿ ಹೆಚ್ಚಿತೆಂದು ಖುಷಿಪಡಬೇಡಿ.

ಪ್ರಶ್ನೆ: ಸ್ವಿಫ್ಟ್ ಡೀಸೆಲ್‌ಗೆ ಪೆಟ್ರೋಲ್ ಸ್ವಿಫ್ಟ್‌ನ ಗೇರ್‌ಬಾಕ್ಸ್ ಹಾಕಬಹುದೇ? ಅಗ್ಗಕ್ಕೆ ಸಿಗುತ್ತಿದೆ. (ಓದುಗರು, ಮಾಲೂರು)

ಉತ್ತರ: ಬೇಡ. ಡೀಸೆಲ್ ಎಂಜಿನ್ ಫಿಯೆಟ್ ಮೂಲದ 1.3 ಲೀಟರ್, ಅದರ ಟಾರ್ಕ್ 190 ನ್ಯೂಟನ್ ಮೀಟರ್. 1.2 ಪೆಟ್ರೋಲ್‌ನದು ಸುಮಾರು 115. ಎಂಜಿನ್‌ನ ಮೂಲವೇ ಬೇರೆ, ಹೇಗೋ ಕೂರಿಸಿದರೂ ಹಲ್ಲು ಆ ಭಾರಕ್ಕೆ ಮಾಡಿದ್ದಲ್ಲ. ಅದೇ 1.3 ಡೀಸೆಲ್ ಇದ್ದ ಡಿಜೈರ್ ಅಥವಾ ರಿಟ್ಜ್‌ನದನ್ನು ಹುಡುಕಿ. ಅಲ್ಲೂ ತಯಾರಿಕೆಯ ವರ್ಷ ಮತ್ತು ಪಾರ್ಟ್ ನಂಬರ್ ಹೋಲಿಸದೆ ಕೊಳ್ಳಬೇಡಿ.

ಪ್ರಶ್ನೆ: ಮಾವಿನ ತೋಟದ ಕೆಲಸಕ್ಕೆ ಮಹೀಂದ್ರಾ ಎಂಎಂ 540 ಜೀಪು ಇದೆ, ನಾಲ್ಕು ಗೇರ್, ಫೋರ್ ವೀಲ್. ಗೇರ್‌ಬಾಕ್ಸ್ ಪೂರ್ತಿ ಹೋಗಿದೆ. ಬೊಲೆರೊದ 5 ಗೇರ್ ಹಾಕಿಸಿದರೆ ಏನೇನು ಬದಲಾಗುತ್ತದೆ? (ಓದುಗರು, ಮುಳಬಾಗಿಲು ತಾಲ್ಲೂಕು)

ಉತ್ತರ: ಮೊದಲು ತಿಳಿಯಬೇಕಾದದ್ದು, ರಸ್ತೆಯಲ್ಲಿ ಕಾಣುವ ಬೊಲೆರೊಗಳಲ್ಲಿ ಹೆಚ್ಚಿನವು ಟೂ ವೀಲ್. ಅವುಗಳ ಬಾಕ್ಸ್‌ನ ಹಿಂಭಾಗಕ್ಕೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಕೂರುವುದಿಲ್ಲ. ಫೋರ್ ವೀಲ್ ಬೊಲೆರೊ ಅಥವಾ ಹಳೆಯ ಥಾರ್‌ನ ಬಾಕ್ಸನ್ನು ಅದರದೇ ಟ್ರಾನ್ಸ್‌ಫರ್ ಕೇಸ್ ಸಮೇತ ತರಬೇಕು. ತರುವಾಗ ಹಿಂದಿನ ಔಟ್‌ಪುಟ್ ಎಲ್ಲಿದೆ ನೋಡಿ. ನಿಮ್ಮ ಹಿಂದಿನ ಆಕ್ಸಲ್‌ನ ಗುಂಡು (ಡಿಫರೆನ್ಷಿಯಲ್ ಇರುವ ಉಬ್ಬು) ಬದಿಗಿದ್ದು ಹೊಸ ಔಟ್‌ಪುಟ್ ಮಧ್ಯಕ್ಕಿದ್ದರೆ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ) ಅಡ್ಡಕ್ಕೂ ಓರೆಯಾಗುತ್ತದೆ.

ಐದು ಗೇರಿನ ಬಾಕ್ಸ್ ಹಳೆಯದಕ್ಕಿಂತ ಉದ್ದ. ಹಾಗಾಗಿ ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ ಸರಿದು, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕಾಗುತ್ತದೆ, ಮುಂದಿನದು ಉದ್ದವಾಗಬೇಕಾಗುತ್ತದೆ. ಕ್ರಾಸ್ ಮೆಂಬರ್ ಹಿಂದಕ್ಕೆ ಹೋಗುತ್ತದೆ, ಲಿವರ್‌ಗಾಗಿ ನೆಲದ ತಗಡು ಕತ್ತರಿಸಬೇಕು. ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸ್ ಮೇಲಿದ್ದ ಜೀಪಾದರೆ ಅದರ ವ್ಯವಸ್ಥೆಯನ್ನೂ ಮೊದಲೇ ಯೋಚಿಸಿ. ಬಾಕ್ಸ್ ಕೂತ ಉತ್ಸಾಹದಲ್ಲಿ ಹ್ಯಾಂಡ್‌ಬ್ರೇಕ್ ಇಲ್ಲದೆಯೇ ತೋಟಕ್ಕಿಳಿಯುವ ಜೀಪುಗಳು ಕಡಿಮೆಯಿಲ್ಲ.

ಬೆಲ್ ಹೌಸಿಂಗ್ ಬಿಡಿಯಾಗಿರುವ ಬಾಕ್ಸ್‌ಗಳಲ್ಲಿ ಜೋಡಣೆ ಎರಡು ಕಡೆ: ಎಂಜಿನ್ ಜೊತೆ ಒಂದು, ಬಾಕ್ಸ್ ಜೊತೆ ಇನ್ನೊಂದು. ಯಾವುದಾದರೂ ಒಂದು ಹೊಂದದೆ ಲೇತ್‌ನಲ್ಲಿ ಅಡಾಪ್ಟರ್ ಪ್ಲೇಟ್ ಮಾಡಿಸಿದರೆ ಡಯಲ್ ಗೇಜ್ ಪರೀಕ್ಷೆ ಬಿಡಬೇಡಿ. ಗೇಜನ್ನು ಫ್ಲೈವೀಲ್‌ಗೆ ಹಿಡಿಸಿ, ಬೆಲ್ ಹೌಸಿಂಗ್‌ನ ಮಧ್ಯದ ಗುಂಡಿಯ ಒಳಸುತ್ತಿಗೆ ಮುಳ್ಳು ತಾಗಿಸಿ, ಎಂಜಿನ್ ಕೈಯಿಂದ ಒಂದು ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಲಾಟ 0.2 ಮಿ.ಮೀ. ಒಳಗಿರಲಿ. ಪ್ಲೇಟ್‌ನ ದಪ್ಪದಷ್ಟು ಇನ್‌ಪುಟ್ ಶಾಫ್ಟ್ ಹಿಂದೆ ಸರಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ತುದಿ ಪೈಲಟ್ ಬುಷ್‌ಗೆ (ಕ್ರ್ಯಾಂಕ್‌ನ ಗುಂಡಿಯಲ್ಲಿ ಶಾಫ್ಟ್ ತುದಿಗೆ ಆಸರೆಯಾಗುವ ಬುಷ್) ತಲುಪದಿದ್ದರೆ ಶಾಫ್ಟ್ ಒಂದೇ ಬೇರಿಂಗ್ ಮೇಲೆ ತೂಗಾಡುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಅಳತೆಯನ್ನು ಜೀಪು ನಾಲ್ಕು ಚಕ್ರದ ಮೇಲೆ ನಿಂತಾಗಲೇ ತೆಗೆಯಬೇಕು, ಜ್ಯಾಕ್ ಮೇಲೆ ಅಲ್ಲ. ಸ್ಲಿಪ್ ಜಾಯಿಂಟ್ ಅರ್ಧ ಎಳೆದ ಸ್ಥಿತಿಯಲ್ಲಿರಲಿ, ಒಳಕ್ಕೆ ಹೋಗಲು ಕನಿಷ್ಠ 25 ಮಿ.ಮೀ. ಜಾಗವಿರಲಿ. ಇಲ್ಲದಿದ್ದರೆ ಹಳ್ಳಕ್ಕೆ ಚಕ್ರ ಬಿದ್ದು ಸ್ಪ್ರಿಂಗ್ ಪಟ್ಟಿ ಚಪ್ಪಟೆಯಾದಾಗ ಶಾಫ್ಟ್ ಟ್ರಾನ್ಸ್‌ಫರ್ ಕೇಸನ್ನೇ ತಿವಿಯುತ್ತದೆ. ವೆಲ್ಡಿಂಗ್ ಮಾಡುವಾಗ ಎರಡು ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ನೇರಕ್ಕೆ ಬರಬೇಕು, ಆಮೇಲೆ ಮೆಷಿನ್‌ನಲ್ಲಿ ಬ್ಯಾಲೆನ್ಸ್ ಆಗಬೇಕು. ಟ್ರಾನ್ಸ್‌ಫರ್ ಕೇಸ್ ಔಟ್‌ಪುಟ್ ಮತ್ತು ಆಕ್ಸಲ್ ಪಿನಿಯನ್ ಎರಡರ ಓರೆಯನ್ನೂ ಫೋನಿನ ಕ್ಲಿನೋಮೀಟರ್ ಇಟ್ಟು ಅಳೆಯಿರಿ. ಎರಡು ತುದಿಯ ಕ್ರಾಸ್‌ನ (ಶಾಫ್ಟ್ ಬಾಗುವ ಕೀಲಿನ) ಕೋನದ ನಡುವೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಶಾಫ್ಟ್ ಗಿಡ್ಡವಾದಷ್ಟೂ ಕೋನ ಕಡಿದಾಗುತ್ತದೆ, 50ರ ವೇಗದಲ್ಲಿ ನಡುಗುವ ಜೀಪಿಗೆ ಸಾಮಾನ್ಯವಾಗಿ ಕಾರಣ ಇದೇ. ಪಟ್ಟಿಯ ಕೆಳಗೆ ಬೆಣೆ ಪ್ಲೇಟ್ ಕೊಟ್ಟು ಪಿನಿಯನ್ ತುದಿ ತಿರುಗಿಸಿ ಸರಿಪಡಿಸಬಹುದು.

ಮುಂದಿನ, ಹಿಂದಿನ ಆಕ್ಸಲ್‌ನ ಕ್ರೌನ್–ಪಿನಿಯನ್ (ಆಕ್ಸಲ್ ಒಳಗಿನ ಗೇರಿನ ಜೋಡಿ) ಮುಟ್ಟಬೇಡಿ. ಬೊಲೆರೊ ಬಾಕ್ಸ್ ಜೊತೆ ಅದರ ಹಿಂದಿನ ಆಕ್ಸಲ್ ಕೂಡ ತರುವ ಮನಸ್ಸಾದರೆ ಎರಡೂ ಆಕ್ಸಲ್‌ನ ಹಲ್ಲಿನ ಅನುಪಾತ ಒಂದೇ ಇರಬೇಕು. ಬೇರೆ ಬೇರೆಯಿದ್ದು ಫೋರ್ ವೀಲ್ ಹಾಕಿ ಗಟ್ಟಿ ನೆಲದಲ್ಲಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ.

ತೋಟದ ಕೆಲಸಕ್ಕಷ್ಟೇ ಜೀಪು ಬೇಕೆಂದರೆ ಇಷ್ಟೆಲ್ಲ ಬೇಡ. ಅದೇ 4 ಗೇರಿನ ಇನ್ನೊಂದು ಬಾಕ್ಸ್ ಹುಡುಕಿ ಹಾಕಿಸಿ, ಒಂದು ಬೋಲ್ಟೂ ಬದಲಾಗುವುದಿಲ್ಲ. ಐದನೇ ಗೇರಿನ ಉಪಯೋಗ ಬೆಂಗಳೂರಿಗೆ ಓಡಾಡುವವರಿಗೆ.

ಪ್ರಶ್ನೆ: ನಮ್ಮ ಸೆಲೆರಿಯೊ ಎಎಂಟಿ ಒಮ್ಮೊಮ್ಮೆ ಗೇರಿಗೆ ಬೀಳುವುದೇ ಇಲ್ಲ. ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಿಬಿಡಿ ಎನ್ನುತ್ತಾರೆ. (ಓದುಗರು, ಬಂಗಾರಪೇಟೆ)

ಉತ್ತರ: ಎಎಂಟಿ ಎಂದರೆ ಒಳಗಿರುವುದು ಮ್ಯಾನುಯಲ್ ಬಾಕ್ಸೇ. ಕ್ಲಚ್ ಒತ್ತುವುದು, ಗೇರು ತಳ್ಳುವುದು ಆಕ್ಚುವೇಟರ್ ಕೆಲಸ. ‘ಒಮ್ಮೊಮ್ಮೆ’ ಎನ್ನುತ್ತಿದ್ದೀರಿ, ಹಲ್ಲು ಮುರಿದಿದ್ದರೆ ಯಾವಾಗಲೂ ಇರುತ್ತಿತ್ತು. ಆಕ್ಚುವೇಟರ್‌ನ ಎಣ್ಣೆ ಮಟ್ಟ, ಪಂಪ್, ಬ್ಯಾಟರಿ ವೋಲ್ಟೇಜ್, ಕ್ಲಚ್ ಸವೆತ ಈ ನಾಲ್ಕನ್ನು ಸ್ಕ್ಯಾನರ್ ಹಾಕಿ ನೋಡಿಸಿ. ಕ್ಲಚ್ ಅಥವಾ ಬಾಕ್ಸ್ ಬದಲಿಸಿದರೆ ಸ್ಕ್ಯಾನರ್‌ನಿಂದ ಕ್ಲಚ್ ಲರ್ನಿಂಗ್ ಮಾಡಿಸಲೇಬೇಕು, ಅದಿಲ್ಲದೆ ಗಾಡಿ ಜಗ್ಗುತ್ತದೆ ಅಥವಾ ಹೊರಡುವುದೇ ಇಲ್ಲ. ಮ್ಯಾನುಯಲ್ ಮಾಡಲು ಪೆಡಲ್, ಕೇಬಲ್, ಲಿವರ್ ಸಾಲದು. ಎಂಜಿನ್ ಕಂಪ್ಯೂಟರ್ ಎಎಂಟಿ ಕಂಪ್ಯೂಟರ್‌ನ ಉತ್ತರಕ್ಕೆ ಕಾಯುತ್ತಿರುತ್ತದೆ. ಆ ದಾರಿ ಬೇಡ.

ಪ್ರಶ್ನೆ: ಬದಲಿಸಿದ ಬಾಕ್ಸ್‌ಗೆ ಯಾವ ಎಣ್ಣೆ? ಅಂಗಡಿಯಲ್ಲಿ ಎಲ್ಲಕ್ಕೂ 90 ನಂಬರ್ ಕೊಡುತ್ತಾರೆ. (ಓದುಗರು, ಕೆಜಿಎಫ್)

ಉತ್ತರ: ಡಬ್ಬಿಯ ಮೇಲೆ ಜಿಎಲ್-4 (ಗೇರ್ ಎಣ್ಣೆಯ ಒಂದು ದರ್ಜೆ) ಎಂದಿರುವುದನ್ನು ಕೇಳಿ. ಮಾರುತಿ ಕಾರುಗಳಿಗೆ 75ಡಬ್ಲ್ಯೂ-90, ಹಳೆಯ ಜೀಪಿನ ಬಾಕ್ಸ್‌ಗೆ 80ಡಬ್ಲ್ಯೂ-90. ಜಿಎಲ್-5 ಹಿಂದಿನ ಆಕ್ಸಲ್‌ನ ಕ್ರೌನ್–ಪಿನಿಯನ್‌ಗೆ. ಅದರಲ್ಲಿರುವ ಗಂಧಕದ ರಾಸಾಯನಿಕ ಹೆಚ್ಚು, ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಒಳ್ಳೆಯದಲ್ಲ, ಗೇರು ಬೀಳುವುದೂ ಗಡುಸಾಗುತ್ತದೆ. ಗುಜರಿ ಬಾಕ್ಸ್ ಆದರೆ ಮೊದಲ ಎಣ್ಣೆಯನ್ನು 1,000 ಕಿ.ಮೀ.ಗೆ ಇಳಿಸಿ ಬದಲಿಸಿ. ಇಳಿಸುವಾಗ ಡ್ರೇನ್ ಬೋಲ್ಟ್ ನೋಡಲು ಮರೆಯಬೇಡಿ.

ಪ್ರಶ್ನೆ: ಗೇರ್‌ಬಾಕ್ಸ್ ಬದಲಿಸಿದರೆ ಆರ್‌ಸಿಯಲ್ಲಿ ನಮೂದಿಸಬೇಕೇ? (ಓದುಗರು, ಶ್ರೀನಿವಾಸಪುರ)

ಉತ್ತರ: ಆರ್‌ಸಿಯಲ್ಲಿ ಎಂಜಿನ್ ಮತ್ತು ಚಾಸಿಸ್ ನಂಬರ್ ಇರುತ್ತದೆ, ಗೇರ್‌ಬಾಕ್ಸ್ ನಂಬರ್ ಇರುವುದಿಲ್ಲ. ಕೆಟ್ಟದ್ದಕ್ಕೆ ಅದೇ ಬಗೆಯ ಬಾಕ್ಸ್ ಹಾಕಿದರೆ ನಮೂದಿಸುವಂಥದ್ದೇನೂ ಇಲ್ಲ. ಆದರೆ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಟಿಗೆ 5,000 ರೂ. ದಂಡ ಅಥವಾ ಎರಡೂ ಎಂದಿದೆ. ಹಾಗಾಗಿ ಟೂ ವೀಲ್ ಜೀಪನ್ನು ಫೋರ್ ವೀಲ್ ಮಾಡುವುದು, ಚಾಸಿಸ್ ಕತ್ತರಿಸಿ ವೆಲ್ಡಿಂಗ್ ಹೊಡೆಸುವುದು ಇಂಥ ಯೋಚನೆಯಿದ್ದರೆ ಕೆಲಸಕ್ಕೆ ಕೈಹಾಕುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸುವಾಗ ಇದು ಮುಖ್ಯವಾಗುತ್ತದೆ. ವಿಮಾ ಕಂಪನಿಗೂ ಒಂದು ಪತ್ರ ಕೊಡಿ.

ಗುಜರಿಯವರಿಂದ ಬಿಲ್ ಇಲ್ಲದೆ ಬಾಕ್ಸ್ ತರಬೇಡಿ. ಬಿಲ್ಲಿನಲ್ಲಿ ಅದು ಯಾವ ಗಾಡಿಯಿಂದ ಬಿಚ್ಚಿದ್ದು ಎಂಬ ನೋಂದಣಿ ಸಂಖ್ಯೆ ಮತ್ತು ಬಾಕ್ಸ್ ಮೇಲಿನ ನಂಬರ್ ಬರೆಸಿಕೊಳ್ಳಿ, ಬಾಕ್ಸ್‌ನ ಫೋಟೊ ತೆಗೆದು ಬಿಲ್ ಜೊತೆ ಇಡಿ. ಬಿಲ್ ಬರೆಯಲು ಹಿಂದೇಟು ಹಾಕಿದರೆ ಪಕ್ಕದ ಅಂಗಡಿಗೆ ಹೋಗಿ.